ಸಾಲ ಮಾಡಿ ಓದಬೇಕಾ? ಸಹಿ ಹಾಕುವ ಮೊದಲು ಹಾಕಬೇಕಾದ ಲೆಕ್ಕ

ಡಿಗ್ರಿ ಮಾಡೋದು ಲಾಭವೋ ನಷ್ಟವೋ ಅಂತ ಯಾರಾದರೂ ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ. ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಸಾಲ, ಎಷ್ಟು ಬಡ್ಡಿ, ಓದುವವರು ಯಾರು, ಇಷ್ಟೂ ಗೊತ್ತಾಗದೆ ಲೆಕ್ಕ ಶುರುವಾಗೋದೇ ಇಲ್ಲ. ಪದವೀಧರರು ಸರಾಸರಿಯಲ್ಲಿ ಜಾಸ್ತಿ ದುಡಿಯುತ್ತಾರೆ ಅನ್ನೋದು ಹೆಚ್ಚುಕಡಿಮೆ ಎಲ್ಲ ಕಡೆ ನಿಜ. ಆದರೆ ಆ ಸರಾಸರಿಯೊಳಗೆ ಡಾಕ್ಟರೂ ಇದ್ದಾರೆ, ವರ್ಷಗಟ್ಟಲೆ ಕೆಲಸ ಹುಡುಕುತ್ತಾ ಕೂತವರೂ ಇದ್ದಾರೆ. ನೀವು ಯಾವ ಕಡೆ ಬೀಳುವ ಸಾಧ್ಯತೆ ಜಾಸ್ತಿ ಅನ್ನೋದನ್ನು ನೋಡಬೇಕು.

ಮೊದಲು ಸಾಲ ನಿಜವಾಗಿ ಎಷ್ಟು ಅಂತ ತಿಳ್ಕೊಳ್ಳಿ

ಸಾಲ 10 ಲಕ್ಷ ಅಂದುಕೊಳ್ಳೋಣ. ಯಾವ ದೇಶದ ಹಣವಾದರೂ ಲೆಕ್ಕ ಒಂದೇ. ಬಡ್ಡಿ ವರ್ಷಕ್ಕೆ ಶೇ 10. ಕೋರ್ಸು ನಾಲ್ಕು ವರ್ಷ, ಪ್ರತಿ ವರ್ಷದ ಆರಂಭದಲ್ಲಿ 2.5 ಲಕ್ಷ ಬಿಡುಗಡೆ. ಓದು ಮುಗಿಯುವವರೆಗೆ ಏನೂ ಕಟ್ಟಬೇಕಿಲ್ಲ ಅಂತ ಹೇಳಿರುತ್ತಾರೆ. ಕೇಳೋಕೆ ಹಿತವಾಗಿರುತ್ತದೆ, ಆದರೆ ರಜೆ ಇರೋದು ಕಂತಿಗೆ ಮಾತ್ರ. ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷ ತಗೊಂಡ ಹಣಕ್ಕೆ ನಾಲ್ಕು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ಮೂರು, ಹೀಗೆ ಸರಳ ಬಡ್ಡಿ ಹಾಕಿದರೂ ಒಟ್ಟು 2.5 ಲಕ್ಷ ಆಗುತ್ತದೆ. ಅದನ್ನು ಅಸಲಿಗೆ ಸೇರಿಸಿದರೆ ಓದು ಮುಗಿದ ದಿನ ನಿಮ್ಮ ತಲೆ ಮೇಲಿರೋದು 12.5 ಲಕ್ಷ.

ಇದನ್ನು 10 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 16,500, ಒಟ್ಟು ಕಟ್ಟೋದು 19.8 ಲಕ್ಷ. 15 ವರ್ಷಕ್ಕೆ ಎಳೆದರೆ ಕಂತು 13,400ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 24 ಲಕ್ಷ ದಾಟುತ್ತದೆ. ತಿಂಗಳಿಗೆ ಮೂರು ಸಾವಿರ ಹಗುರ ಮಾಡಿಕೊಳ್ಳೋಕೆ ನಾಲ್ಕು ಲಕ್ಷಕ್ಕೂ ಜಾಸ್ತಿ ತೆತ್ತಂಗಾಯ್ತು. ಸಾಲ ಕೊಡುವವರು ಕಂತಿನ ಮಾತಾಡುತ್ತಾರೆ. ನೀವು ಒಟ್ಟು ಮೊತ್ತ ಕೇಳಿ, ಬರೆಸಿಕೊಳ್ಳಿ.

ಇನ್ನೊಂದು ಖರ್ಚು ಯಾವ ರಸೀದಿಯಲ್ಲೂ ಕಾಣೋದಿಲ್ಲ. ಓದುವ ವರ್ಷಗಳಲ್ಲಿ ಕೆಲಸ ಮಾಡಿದ್ದರೆ ಎಷ್ಟು ದುಡಿಯುತ್ತಿದ್ದಿರಿ? ಅದನ್ನೂ ಖರ್ಚಿಗೆ ಸೇರಿಸಿ. ಕಡಿಮೆ ಸಂಬಳದ ಕೆಲಸವೇ ಆಗಿದ್ದರೂ ನಾಲ್ಕು ವರ್ಷಕ್ಕೆ ಅದು ಸಣ್ಣ ಮೊತ್ತ ಅಲ್ಲ. ಊಟ, ವಸತಿಯನ್ನು ಮಾತ್ರ ಪೂರ್ತಿ ಓದಿನ ಖರ್ಚು ಅಂತ ಬರೆಯಬೇಡಿ. ಓದದಿದ್ದರೂ ಊಟ ಮಾಡ್ತೀರಲ್ವಾ, ಓದಿನಿಂದಾಗಿ ಹೆಚ್ಚಾಗುವಷ್ಟನ್ನು ಮಾತ್ರ ಹಿಡಿಯಿರಿ.

ಆಮೇಲೆ ಸಂಬಳ

ಸಾಲದ ಬಗ್ಗೆ ಸಲಹೆ ಕೊಡುವವರು ಹೇಳುವ ಒಂದು ಒರಟು ಲೆಕ್ಕ ಇದೆ: ಓದು ಮುಗಿಯುವಾಗ ಇರುವ ಒಟ್ಟು ಸಾಲ, ಮೊದಲ ವರ್ಷದ ಸಂಬಳವನ್ನು ಮೀರಬಾರದು. ಎರಡೂ ಸಮ ಇದ್ದರೆ, ಶೇ 10ರ ಬಡ್ಡಿಗೆ, ಹತ್ತು ವರ್ಷದ ಕಂತು ಸಂಬಳದ ಶೇ 16ರಷ್ಟಾಗುತ್ತದೆ. ಕಷ್ಟ, ಆದರೆ ನಡೆಯುತ್ತದೆ. ಸಾಲ ಸಂಬಳದ ಎರಡರಷ್ಟಾದರೆ ಮೂರನೇ ಒಂದು ಭಾಗ ಕಂತಿಗೇ ಹೋಯಿತು. ಬಾಡಿಗೆ, ತೆರಿಗೆ, ಮನೆಗೆ ಕಳಿಸುವ ಹಣ ಎಲ್ಲ ಉಳಿದದ್ದರಲ್ಲೇ ಆಗಬೇಕು. ನನ್ನನ್ನು ಕೇಳಿದರೆ ಅಷ್ಟು ಸಾಲಕ್ಕೆ ವೈದ್ಯಕೀಯದಂಥ, ಮುಂದೆ ಸಂಬಳ ಏರುವುದು ಹೆಚ್ಚುಕಡಿಮೆ ಖಾತ್ರಿ ಇರುವ ಓದಿಗೆ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬಾರದು.

ಯಾವ ಸಂಬಳ ಹಿಡಿಯಬೇಕು ಅನ್ನೋದರಲ್ಲೇ ಜನ ಎಡವುತ್ತಾರೆ. ಕಾಲೇಜಿನ ಜಾಹೀರಾತಿನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರದ್ದು. ಸರಾಸರಿಯನ್ನೂ ನಂಬಬೇಡಿ, ಯಾಕೆಂದರೆ ಇಬ್ಬರಿಗೆ ಸಿಕ್ಕ ದೊಡ್ಡ ಸಂಬಳ ಇಡೀ ತರಗತಿಯ ಸರಾಸರಿಯನ್ನು ಮೇಲೆತ್ತಿಬಿಡುತ್ತದೆ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರಿಗೆ ಎಷ್ಟು ಸಿಕ್ಕಿದೆ ಅಂತ ಕೇಳಿ. ತರಗತಿಯಲ್ಲಿ ಎಷ್ಟು ಜನ ಇದ್ದರು, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಆ ಕೆಲಸ ಓದಿದ ವಿಷಯದ್ದೇನಾ ಅಂತಲೂ ಕೇಳಿ. ಶೇ 95 ಪ್ಲೇಸ್‌ಮೆಂಟ್ ಅಂತ ಬರೆದಿದ್ದರೆ ಅದು ಹೆಸರು ಕೊಟ್ಟವರಲ್ಲಿ ಶೇ 95 ಇರಬಹುದು. ಕಾಲೇಜಿನವರು ಉತ್ತರ ಕೊಡದಿದ್ದರೆ ಎರಡು ಮೂರು ವರ್ಷದ ಹಿಂದೆ ಅದೇ ಕೋರ್ಸು ಮುಗಿಸಿದವರನ್ನು ಹುಡುಕಿ ಮಾತಾಡಿಸಿ. ಕಾಲೇಜಿನ ಪ್ರಚಾರಕ್ಕೆ ಫೋಟೋ ಕೊಟ್ಟವರನ್ನು ಬಿಟ್ಟು ಉಳಿದವರನ್ನು ಮಾತಾಡಿಸಿದರೆ ಒಳ್ಳೇದು.

ದೊಡ್ಡ ಹೆಸರಿನ ಕಾಲೇಜಿಗೆ ಜಾಸ್ತಿ ಸಾಲ ಮಾಡಬೇಕಾ? ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇದನ್ನೇ ಜಾಣತನದಿಂದ ಪರೀಕ್ಷಿಸಿದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ ವಿದ್ಯಾರ್ಥಿಗಳಲ್ಲಿ, ಹೆಸರುವಾಸಿ ಕಾಲೇಜಿಗೆ ಹೋದವರನ್ನೂ, ಅದನ್ನು ಬಿಟ್ಟು ಕಡಿಮೆ ಹೆಸರಿನ ಕಡೆ ಹೋದವರನ್ನೂ ಹೋಲಿಸಿದರು. ಮುಂದಿನ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಚುರುಕಾದ ಹುಡುಗರು ಎಲ್ಲಿಗೆ ಹೋದರೂ ದುಡಿದರು. ಇದಕ್ಕೊಂದು ಅಪವಾದ ಇದೆ: ಬಡ ಮನೆಗಳಿಂದ ಬಂದವರಿಗೆ ಹೆಸರುವಾಸಿ ಕಾಲೇಜಿನಿಂದ ನಿಜಕ್ಕೂ ಲಾಭವಾಗಿತ್ತು. ಪರಿಚಯ, ಶಿಫಾರಸು ಮನೆಯಲ್ಲಿ ಸಿಗದವರಿಗೆ ಕಾಲೇಜೇ ಅದನ್ನು ಕೊಡುತ್ತದೆ ಅಂತ ಕಾಣುತ್ತದೆ.

ಕೆಲವು ಕೆಲಸಗಳಿಗೆ ಡಿಗ್ರಿ ಇಲ್ಲದೆ ಬಾಗಿಲೇ ತೆರೆಯಲ್ಲ. ವೈದ್ಯರು, ವಕೀಲರ ವಿಷಯದಲ್ಲಿ ಚರ್ಚೆಯೇ ಬೇಡ. ಪ್ರೋಗ್ರಾಮಿಂಗ್, ವಿನ್ಯಾಸ, ವಿಡಿಯೊ ಎಡಿಟಿಂಗ್ ಥರದ ಕಡೆ ಮಾಡಿ ತೋರಿಸಿದ ಕೆಲಸಕ್ಕೂ ಬೆಲೆ ಇದೆ. ಅಲ್ಲೂ ಮೊದಲ ಸುತ್ತಿನಲ್ಲಿ ಅರ್ಜಿ ಸೋಸುವವರು ಡಿಗ್ರಿ ನೋಡುತ್ತಾರೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಹೇಳಿದ್ದು ಇದನ್ನೇ: ಡಿಗ್ರಿ ಕಲಿಸಿದ್ದು ಎಷ್ಟೇ ಇರಲಿ, ಇವರು ಹಿಡಿದ ಕೆಲಸ ಮುಗಿಸುವವರು ಅನ್ನೋ ಗುರುತಾಗಿಯೂ ಅದು ಕೆಲಸ ಮಾಡುತ್ತದೆ. ನಿಮ್ಮ ಕ್ಷೇತ್ರದ 30–40 ಕೆಲಸದ ಜಾಹೀರಾತು ತೆಗೆದು ಡಿಗ್ರಿ ಕಡ್ಡಾಯ ಅಂತ ಎಷ್ಟರಲ್ಲಿ ಇದೆ ಎಣಿಸಿ. ಒಂದು ಸಂಜೆಯ ಕೆಲಸ ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಅಪಾಯ

ಸಾಲ ದೊಡ್ಡದಾದಷ್ಟೂ ಅಪಾಯ ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ನೋಡಿದರೆ ಉಲ್ಟಾ. ಅಲ್ಲಿ ಕಂತು ತಪ್ಪಿಸಿ ಸುಸ್ತಿದಾರರಾಗುವವರಲ್ಲಿ ಸಣ್ಣ ಸಾಲದವರ ಪಾಲೇ ಹೆಚ್ಚು. ಕಾರಣ ಸರಳ: ಅವರಲ್ಲಿ ತುಂಬ ಜನ ಒಂದೆರಡು ವರ್ಷ ಓದಿ ಅರ್ಧಕ್ಕೆ ಬಿಟ್ಟವರು. ಸಾಲ ಕಡಿಮೆಯೇ, ಆದರೆ ಅದನ್ನು ತೀರಿಸೋಕೆ ಬೇಕಾದ ಡಿಗ್ರಿ ಕೈಯಲ್ಲಿಲ್ಲ. ದೊಡ್ಡ ಸಾಲ ಮಾಡಿದವರಲ್ಲಿ ಅನೇಕರು ವೈದ್ಯಕೀಯ, ಕಾನೂನು ಮುಗಿಸಿ ಒಳ್ಳೆಯ ಸಂಬಳಕ್ಕೆ ಸೇರಿದವರು.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ನಿಷ್ಠುರ ಪ್ರಶ್ನೆ ಇದು: ನಾನು ಇದನ್ನು ಮುಗಿಸ್ತೀನಾ? ಮನೆಯವರ ಒತ್ತಾಯಕ್ಕೆ, ಗೆಳೆಯರೆಲ್ಲ ಹೋದರು ಅಂತ, ಬೇರೇನೂ ತೋಚದೆ ಸೇರುತ್ತಿದ್ದರೆ ಒಂದು ವರ್ಷ ನಿಲ್ಲಿ. ಆ ವರ್ಷ ಏನಾದರೂ ಕೆಲಸ ಮಾಡಿ. ಇಷ್ಟವಿಲ್ಲದ ಕೋರ್ಸಿಗೆ ಸಾಲ ಮಾಡಿ ಮೂರನೇ ಸೆಮಿಸ್ಟರಿಗೆ ಬಿಡೋದಕ್ಕಿಂತ ಒಂದು ವರ್ಷ ತಡವಾಗಿ ಸೇರೋದು ಎಷ್ಟೋ ಅಗ್ಗ. ಕಾಲೇಜು ಆರಿಸುವಾಗಲೂ, ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸುತ್ತಾರೆ ಅಂತ ಕೇಳಿ. ಪ್ಲೇಸ್‌ಮೆಂಟ್ ಬಗ್ಗೆ ಸಾವಿರ ಜನ ಕೇಳುತ್ತಾರೆ, ಇದನ್ನು ಕೇಳುವವರೇ ಕಡಿಮೆ.

ಎಲ್ಲ ಸಾಲವೂ ಒಂದೇ ಅಲ್ಲ

ಆಸ್ಟ್ರೇಲಿಯಾ 1989ರಲ್ಲಿ ಒಂದು ಪದ್ಧತಿ ತಂದಿತು: ಓದಿನ ಸಾಲ ತೀರಿಸೋದು ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ. ಇಂಗ್ಲೆಂಡಿನಲ್ಲೂ ಪದವಿಯ ಸಾಲಕ್ಕೆ ಮಿತಿ ಮೀರಿದ ಆದಾಯದ ಮೇಲೆ ಶೇ 9 ಕಡಿತ ಆಗುತ್ತದೆ, ಇಂತಿಷ್ಟು ವರ್ಷ ಕಳೆದ ಮೇಲೆ ಉಳಿದದ್ದು ರದ್ದಾಗುತ್ತದೆ. 2012ರಿಂದ 2023ರ ಮಧ್ಯದವರೆಗೆ ಸೇರಿದವರಿಗೆ ಅದು 30 ವರ್ಷ, ಆಮೇಲೆ ಸೇರಿದವರಿಗೆ 40. ಇಂಥ ಸಾಲ ಒಂಥರಾ ತೆರಿಗೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಸಾಮಾನ್ಯ ಬ್ಯಾಂಕ್ ಸಾಲಕ್ಕೆ ಇಂಥ ಕರುಣೆ ಇಲ್ಲ. ಅಮೆರಿಕದಲ್ಲಂತೂ ದಿವಾಳಿ ಅರ್ಜಿ ಹಾಕಿದರೂ ಓದಿನ ಸಾಲದಿಂದ ಬಿಡಿಸಿಕೊಳ್ಳೋದು ಬಹಳ ಕಷ್ಟ. ನಿಮ್ಮ ಮುಂದಿರುವ ಸಾಲ ಯಾವ ಜಾತಿಯದು ಅಂತ ತಿಳಿಯದೆ ಬೇರೆ ದೇಶದವರ ಸಲಹೆ ಕೇಳಿ ಪ್ರಯೋಜನ ಇಲ್ಲ.

ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ತೊಡಕು. ಸಾಲ ಒಂದು ಹಣದಲ್ಲಿ, ಫೀಸು ಇನ್ನೊಂದರಲ್ಲಿ ಇದ್ದರೆ ವಿನಿಮಯ ದರ ಏರಿದಾಗ ಮಂಜೂರಾದ ಸಾಲವೇ ಸಾಲದೆ ಹೋಗಬಹುದು. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋಕೆ ವೀಸಾ ಸಿಗದಿದ್ದರೆ ಊರಿನ ಸಂಬಳದಲ್ಲಿ ಈ ಕಂತು ಕಟ್ಟೋಕೆ ಆಗುತ್ತಾ ಅಂತಲೂ ಒಮ್ಮೆ ಲೆಕ್ಕ ಹಾಕಿ. ಆಗಲ್ಲ ಅಂತಾದರೆ ನೀವು ಪಣ ಕಟ್ಟುತ್ತಿರೋದು ವೀಸಾ ಮೇಲೆ.

ಸಾಲ ಮಾಡಲೇಬೇಕು ಅಂತಾದರೆ

ಮಂಜೂರಾದಷ್ಟೂ ತಗೋಬೇಡಿ, ಆ ವರ್ಷಕ್ಕೆ ಬೇಕಾದಷ್ಟೇ ತಗೊಳ್ಳಿ. ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಅಸಲು 10 ಲಕ್ಷದಲ್ಲೇ ನಿಲ್ಲುತ್ತದೆ, ಹತ್ತು ವರ್ಷದ ಕಂತು 13,200ರಷ್ಟಾಗುತ್ತದೆ, ಒಟ್ಟಿನಲ್ಲಿ ಸುಮಾರು ಒಂದೂವರೆ ಲಕ್ಷ ಉಳಿಯುತ್ತದೆ. ಬಡ್ಡಿ ಸ್ಥಿರವೋ ಬದಲಾಗುವುದೋ, ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆ, ಮುಂಚಿತವಾಗಿ ತೀರಿಸಿದರೆ ದಂಡ ಇದೆಯಾ, ಈ ಮೂರನ್ನೂ ಪತ್ರದಲ್ಲೇ ಓದಿ. ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಜಾಮೀನಿಗೆ ಅಪ್ಪ ಅಮ್ಮನ ಸಹಿ ಇದ್ದರೆ ನೀವು ಕಟ್ಟದಿದ್ದಾಗ ಬ್ಯಾಂಕು ಹೋಗೋದು ಅವರ ಹತ್ತಿರ. ಅವರು ನಿವೃತ್ತಿಗೆ ಎಷ್ಟು ಹತ್ತಿರ ಇದ್ದಾರೆ, ಮನೆ ಅಡವಿಟ್ಟಿದ್ದೀರಾ, ಸಾಲಗಾರರಿಗೆ ಏನಾದರೂ ಆದರೆ ವಿಮೆ ಉಂಟಾ ಅನ್ನೋದನ್ನು ಮುಜುಗರ ಬಿಟ್ಟು ಅವರ ಜೊತೆಗೇ ಕೂತು ಮಾತಾಡಿ. ಮುಂದೆ ಕಂತು ಕಟ್ಟೋಕೆ ಆಗಲ್ಲ ಅಂತ ಅನಿಸಿದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆ ಕೇಳಿ, ಯಾಕೆಂದರೆ ಎರಡು ಮೂರು ಕಂತು ತಪ್ಪಿದ ಮೇಲೆ ಹೋದವರಿಗಿಂತ ಮೊದಲೇ ಹೋದವರಿಗೆ ಅಲ್ಲಿ ಸಿಗುವ ದಾರಿಗಳು ಜಾಸ್ತಿ.