ಅಜ್ಜನ ಟ್ರಸ್ಟಿನಿಂದ ಓದಿಗೆ ಹಣ ಪಡೆದದ್ದು

ಟ್ರಸ್ಟ್ ಡೀಡಿನಲ್ಲಿ, ಅಂದರೆ ಟ್ರಸ್ಟಿನ ಷರತ್ತುಗಳನ್ನು ಬರೆದಿಟ್ಟ ದಸ್ತಾವೇಜಿನಲ್ಲಿ, ಹೆಸರಿದ್ದ ಮಾತ್ರಕ್ಕೆ ಬ್ಯಾಂಕಿಗೆ ಹೋಗಿ ಹಣ ತೆಗೆಯಲು ಬರುವುದಿಲ್ಲ. ಖಾತೆ ನಡೆಸುವವರು ಟ್ರಸ್ಟಿಗಳು. ಫಲಾನುಭವಿ, ಅಂದರೆ ಯಾರಿಗಾಗಿ ಟ್ರಸ್ಟ್ ಮಾಡಿದ್ದೋ ಆ ವ್ಯಕ್ತಿ, ಕೇಳಬೇಕಾದದ್ದು ಟ್ರಸ್ಟಿಗಳನ್ನೇ. ಮೊಮ್ಮಕ್ಕಳಿಗೆಂದು ಅಜ್ಜ ಮಾಡಿಟ್ಟ ಖಾಸಗಿ ಟ್ರಸ್ಟಿನಿಂದ ಓದಿನ ಖರ್ಚಿಗೆ ಹಣ ಬೇಕಾದಾಗ ನಾನು ಮೊದಲು ಕೇಳಿದ್ದು ಡೀಡಿನ ಪ್ರತಿಯನ್ನು.

"ಮನೆಯವರ ನಡುವೆ ಕಾಗದಪತ್ರ ಯಾಕೆ?" ಎಂದರು ಟ್ರಸ್ಟಿಗಳಲ್ಲೊಬ್ಬರಾದ ದೊಡ್ಡಪ್ಪ. ಡೀಡನ್ನೂ ಲೆಕ್ಕಪತ್ರಗಳನ್ನೂ ನೋಡಿ ಪ್ರತಿ ಪಡೆಯುವ ಹಕ್ಕನ್ನು 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 57ನೇ ಕಲಂ ಫಲಾನುಭವಿಗೆ ಕೊಟ್ಟಿದೆ. ಆಸ್ತಿ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದರೆ ಟ್ರಸ್ಟಿ ತಿಳಿಸಬೇಕೆನ್ನುತ್ತದೆ 19ನೇ ಕಲಂ. ಇದಕ್ಕಾಗಿ ದನಿ ಏರಿಸುವ ಅಗತ್ಯವಿಲ್ಲ. ಪತ್ರದಲ್ಲಿ ಎರಡೂ ಕಲಮುಗಳನ್ನು ಒಂದು ಸಾಲಿನಲ್ಲಿ ನಮೂದಿಸಿದೆ, ಪ್ರತಿ ಬಂತು.

ಡೀಡಿನಲ್ಲಿ ನಾನು ಹುಡುಕಿದ್ದು ಎರಡೇ ಸಂಗತಿ: ಸಿಗುವುದು ಬಡ್ಡಿ, ಬಾಡಿಗೆಯಂಥ ಆದಾಯ ಮಾತ್ರವೋ, ಮೂಲಧನವೂ ಸೇರಿದೆಯೋ; ಕೊಡಲೇಬೇಕೋ, ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದ್ದೋ. ನಮ್ಮದರಲ್ಲಿ ವಯಸ್ಕರಿಗೆ ಆದಾಯದ ಪಾಲು ಕಡ್ಡಾಯ. ಮೂಲಧನ ಸಿಗುವುದು ವಿದ್ಯೆಗೆ, ಚಿಕಿತ್ಸೆಗೆ ಮಾತ್ರ, ಅದೂ ಟ್ರಸ್ಟಿಗಳು ಒಪ್ಪಿದರೆ. ಹಾಗಾಗಿ ಎರಡು ಪತ್ರ ಬರೆದೆ. ಬಾಕಿ ಆದಾಯಕ್ಕೆ ಬರೆದದ್ದು ನೇರವಾದ ಬೇಡಿಕೆ. ಮೂಲಧನದ್ದು ವಿನಂತಿ: ಯಾವ ಷರತ್ತಿನಡಿ ಕೇಳುತ್ತಿದ್ದೇನೆ, ಶುಲ್ಕ ಎಷ್ಟು, ಅದರಲ್ಲಿ ನಾನೇ ಹೊಂದಿಸಿಕೊಂಡದ್ದೆಷ್ಟು ಎಂದು ಬರೆದು, ಪ್ರವೇಶಪತ್ರ ಲಗತ್ತಿಸಿದೆ. ಹಣವನ್ನು ನೇರವಾಗಿ ಕಾಲೇಜಿಗೇ ಕಟ್ಟಿ ಎಂದದ್ದು ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಂದಾಜು. ನಾಳೆ ಲೆಕ್ಕ ಒಪ್ಪಿಸಬೇಕಾದವರಿಗೆ ರಸೀದಿಗಿಂತ ದೊಡ್ಡ ಸಮಾಧಾನವಿಲ್ಲ.

ಡೀಡಿನಲ್ಲಿ ಬೇರೆ ರೀತಿ ಹೇಳದಿದ್ದರೆ ಟ್ರಸ್ಟಿಗಳೆಲ್ಲರೂ ಸೇರಿಯೇ ನಿರ್ಧರಿಸಬೇಕು. ದೊಡ್ಡಪ್ಪ ತಲೆಯಾಡಿಸಿದರೂ ಉಳಿದವರ ಸಹಿಗೆ ಕಾಯಬೇಕಾಯಿತು, ತಡವಾದದ್ದು ಅಲ್ಲಿಯೇ.

"ಟ್ರಸ್ಟನ್ನೇ ಮುಗಿಸಿ ಹಂಚಿಕೊಳ್ಳೋಣ" ಎಂದು ಅಣ್ಣನೊಬ್ಬ ಸೂಚಿಸಿದ್ದ. ಫಲಾನುಭವಿಗಳೆಲ್ಲರೂ ಕರಾರು ಮಾಡಿಕೊಳ್ಳಲು ಕಾನೂನಿನ ಪ್ರಕಾರ ಅರ್ಹರಾಗಿ, ಒಮ್ಮನಸ್ಸಿನಿಂದ ಕೇಳಿದರೆ ಅದೇ ಕಾಯ್ದೆಯ 56ನೇ ಕಲಮಿನಡಿ ಆಸ್ತಿಯನ್ನು ವರ್ಗಾಯಿಸಿಕೊಳ್ಳಬಹುದು. ನಮ್ಮಲ್ಲಿ ಕಿರಿಯವಳು ಇನ್ನೂ ಅಪ್ರಾಪ್ತೆ, ಕರಾರಿಗೆ ಅರ್ಹಳಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಆದಾಯದ ಮೇಲಿನ ತೆರಿಗೆಯನ್ನು ಟ್ರಸ್ಟ್ ಕಟ್ಟಿದೆಯೋ, ನಾನು ಕಟ್ಟಬೇಕೋ ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ ಪಡೆದೆ. ಮುಂದಿನ ಕಂತಿಗೆ ಅಂಕಪಟ್ಟಿ ಬೇಕೆಂದಿದ್ದಾರೆ. ಡೀಡಿನಲ್ಲಿ ಅಂಥ ಷರತ್ತಿಲ್ಲ, ಆದರೂ ಕಳಿಸಿದ್ದೇನೆ.