ಬ್ರೌಸರ್ ಬದಿಗಿಟ್ಟು ಕೈಯಾರೆ ರಿಕ್ವೆಸ್ಟ್ ಕಳಿಸಿ ನೋಡಿ

ನಮ್ಮೂರ ಹಾಲಿನ ಡೇರಿಗೆ ನಾನೊಂದು ಸಣ್ಣ ವೆಬ್ ಆ್ಯಪ್ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಜನ ಹಾಲು ತಂದು ಹಾಕುತ್ತಾರೆ. ಸೆಕ್ರೆಟರಿ ಮೊಬೈಲಿನಲ್ಲಿ ಫಾರಂ ತೆರೆದು ಸದಸ್ಯರ ನಂಬರು, ಲೀಟರು, ಫ್ಯಾಟ್ ತುಂಬಿ ಸೇವ್ ಒತ್ತುತ್ತಾರೆ. ಅಷ್ಟೇ ಕೆಲಸ. ಆದರೆ ಒಂದು ಎಂಟ್ರಿ ತಪ್ಪಿದರೂ ಯಾರದೋ ಮನೆಯ ಬಟವಾಡೆ ತಪ್ಪುತ್ತದೆ. ಅದಕ್ಕೇ ನಾನು ಈ ಆ್ಯಪನ್ನು ಬ್ರೌಸರಿನಲ್ಲಿ ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ ಸರ್ವರ್ (ಎಂಟ್ರಿ ಪಡೆದು ಉಳಿಸುವ ಭಾಗ) ಓಡಿಸಿ, ಅದಕ್ಕೆ ಕೈಯಾರೆ ರಿಕ್ವೆಸ್ಟ್, ಅಂದರೆ ಬ್ರೌಸರ್ ಕಳಿಸುವಂಥ ಕೋರಿಕೆ, ಕಳಿಸುತ್ತೇನೆ.

ಯಾಕೆ ಅಂದರೆ, ಬ್ರೌಸರ್ ತುಂಬಾ ಒಳ್ಳೆಯದು. ಲೀಟರ್ ಜಾಗದಲ್ಲಿ ಮೈನಸ್ ಹೊಡೆದರೆ ತಡೆಯುತ್ತದೆ, ಖಾಲಿ ಬಿಟ್ಟರೆ ಕೆಂಪು ಗೆರೆ ತೋರಿಸುತ್ತದೆ. ಆ ತಡೆ ಇರುವುದು ಪುಟದಲ್ಲಿ, ಸರ್ವರಿನಲ್ಲಲ್ಲ. ಸರ್ವರಿಗೆ ನಿಜವಾಗಿ ಎಷ್ಟು ಬುದ್ಧಿ ಇದೆ ಅಂತ ತಿಳಿಯಬೇಕಾದರೆ ಬ್ರೌಸರನ್ನು ಮಧ್ಯದಿಂದ ತೆಗೆಯಬೇಕು.

ಇದಕ್ಕೆ ನಾನು ಬಳಸುವುದು ಕರ್ಲ್ (ಸಿ, ಯು, ಆರ್, ಎಲ್). ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆದರೆ ಇದು ಸರ್ವರಿಗೆ ರಿಕ್ವೆಸ್ಟ್ ಕಳಿಸಿ ಉತ್ತರ ತೋರಿಸುತ್ತದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಬರೆದ ಪ್ರೋಗ್ರಾಂ ಇದು. 1998ರಲ್ಲಿ ಈ ಹೆಸರಿನಿಂದ ಬಂತು, ಇವತ್ತಿಗೂ ಉಚಿತ. ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ, ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರುತ್ತಿದೆ. ವಿಂಡೋಸಿನಲ್ಲಿ ಕಮಾಂಡ್ ಹೊಡೆಯುವ ಹಳೆ ಪವರ್‌ಶೆಲ್‌ನಲ್ಲಿ ಮಾತ್ರ ಕರ್ಲ್ ಅಂತ ಹೊಡೆದರೆ ಬೇರೊಂದು ಕಮಾಂಡ್ ಓಡುತ್ತದೆ. ಅಲ್ಲಿ ಕರ್ಲ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಹೊಡೆಯಿರಿ.

ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ನನ್ನ ಆ್ಯಪ್ ಇರುವುದು ಪೈಥಾನ್ ಭಾಷೆಯಲ್ಲಿ, ವೆಬ್ ಆ್ಯಪ್ ಕಟ್ಟಲು ನೆರವಾಗುವ ಫ್ಲಾಸ್ಕ್ ಬಳಸಿ. ಸರ್ವರ್ ಓಡಿಸಿದರೆ ಅದು 127.0.0.1 ವಿಳಾಸದಲ್ಲಿ, 5000ನೇ ಪೋರ್ಟಿನಲ್ಲಿ (ಯಂತ್ರದ ಒಂದು ನಂಬರಿನ ಬಾಗಿಲು ಅಂದುಕೊಳ್ಳಿ) ಕೂರುತ್ತದೆ. ಈ ವಿಳಾಸ ಅಂದರೆ ಇದೇ ಯಂತ್ರ. ಇದಕ್ಕೆ ಕಳಿಸಿದ್ದು ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಹಾಗಾಗಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕರೆಂಟ್ ಹೋಗಿ ವೈಫೈ ಸತ್ತಾಗಲೂ ನಾನು ಕೆಲಸ ಮುಂದುವರಿಸಿದ್ದೇನೆ. ಹೊಸ ಮ್ಯಾಕ್‌ಗಳಲ್ಲಿ 5000ನೇ ಪೋರ್ಟನ್ನು ಆ್ಯಪಲ್‌ನದೇ ಏರ್‌ಪ್ಲೇ ಸೇವೆ ಹಿಡಿದುಕೊಂಡಿರಬಹುದು. ಹಾಗಾದರೆ 8000 ಕೊಟ್ಟುಬಿಡಿ.

ಶುರು ಮಾಡುವ ಮುಂಚೆ ಡೇಟಾಬೇಸಿನ ನಕಲು ಮಾಡಿಕೊಳ್ಳಿ. ನನ್ನದು ಎಸ್‌ಕ್ಯೂಲೈಟ್, ಒಂದೇ ಫೈಲು. ಕಾಪಿ ಮಾಡಿ ಬೇರೆ ಹೆಸರಿಟ್ಟರೆ ಆಯಿತು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ಮೇಲಿನ ಬಾಣದ ಕೀ ಒತ್ತಿ ಹಳೆ ಕಮಾಂಡ್ ತಂದೆ. ಅದರಲ್ಲಿದ್ದದ್ದು ಡೇರಿಯ ನಿಜವಾದ ಸರ್ವರಿನ ವಿಳಾಸ. ಎಂಟರ್ ಒತ್ತಿದ್ದೇ ತಡ, 90 ಲೀಟರಿನ ಸುಳ್ಳು ಎಂಟ್ರಿ ನಿಜವಾದ ಸದಸ್ಯರೊಬ್ಬರ ಲೆಕ್ಕಕ್ಕೆ ಸೇರಿತು. ತಕ್ಷಣ ಸೆಕ್ರೆಟರಿಗೆ ಫೋನ್ ಮಾಡಿ ಅಳಿಸಿದೆ. ಅವತ್ತಿಂದ ಪರೀಕ್ಷೆಗೆ 9999 ಅನ್ನುವ ಸದಸ್ಯರ ನಂಬರು ಮಾತ್ರ ಬಳಸುತ್ತೇನೆ. ಆ ನಂಬರು ನಿಜವಾದ ಡೇಟಾಬೇಸಿನಲ್ಲಿ ಇಲ್ಲ.

ಈಗ ಮೊದಲ ರಿಕ್ವೆಸ್ಟ್. ಕರ್ಲ್, ಒಂದು ಸ್ಪೇಸ್, ಹೈಫನ್ ಮತ್ತು ಸಣ್ಣ ಐ, ಮತ್ತೆ ಸ್ಪೇಸ್, ಆಮೇಲೆ ವಿಳಾಸ. ಹೈಫನ್ ಐ ಕೊಟ್ಟರೆ ಉತ್ತರದ ಹೆಡರುಗಳೂ, ಅಂದರೆ ಅದರ ತಲೆಭಾಗದ ವಿವರಗಳೂ, ಕಾಣುತ್ತವೆ. ಮೊದಲ ಸಾಲಿನಲ್ಲಿ 200 ಬಂದರೆ ಸರ್ವರ್ ಸರಿಯಾಗಿ ಮಾತಾಡುತ್ತಿದೆ. 404 ಬಂದರೆ ದಾರಿ ತಪ್ಪು. 302 ಬಂದರೆ ಬೇರೆ ಪುಟಕ್ಕೆ ಹೋಗು ಅನ್ನುತ್ತಿದೆ. ಲಾಗಿನ್ ಆಗದೇ ಎಂಟ್ರಿ ಪುಟ ಕೇಳಿದರೆ ನನ್ನ ಆ್ಯಪ್ ಹೀಗೇ ಹೇಳುತ್ತದೆ.

ಲಾಗಿನ್ ಬೇಕಾದ ಪುಟಗಳಿಗೆ ಕುಕ್ಕಿ, ಅಂದರೆ ಲಾಗಿನ್ ಆದವರನ್ನು ಗುರುತಿಸಲು ಸರ್ವರ್ ಕೊಡುವ ಚೀಟಿ, ಇಟ್ಟುಕೊಳ್ಳಬೇಕು. ಲಾಗಿನ್ ರಿಕ್ವೆಸ್ಟಿಗೆ ಹೈಫನ್ ಸಿ ಮತ್ತು ಒಂದು ಫೈಲಿನ ಹೆಸರು ಕೊಡಿ, ಕುಕ್ಕಿ ಅದರಲ್ಲಿ ಉಳಿಯುತ್ತದೆ. ಮುಂದಿನ ರಿಕ್ವೆಸ್ಟುಗಳಿಗೆ ಹೈಫನ್ ಬಿ ಮತ್ತು ಅದೇ ಫೈಲು.

ಫಾರಂ ಕಳಿಸಲು ಹೈಫನ್ ಡಿ. ಇದರ ಮುಂದೆ ಕೋಟ್ ಒಳಗೆ ಜಾಗದ ಹೆಸರು, ಈಕ್ವಲ್, ಅದರಲ್ಲಿ ತುಂಬುವುದು. ಇಂಥವು ಹಲವು ಇದ್ದರೆ ಮಧ್ಯೆ ಆಂಪರ್ಸೆಂಡ್ ಗುರುತು. ಹೈಫನ್ ಡಿ ಕೊಟ್ಟ ಕೂಡಲೇ ಅದು ಪೋಸ್ಟ್, ಅಂದರೆ ಮಾಹಿತಿ ಕಳಿಸುವ ರಿಕ್ವೆಸ್ಟ್, ಆಗಿಬಿಡುತ್ತದೆ, ಬೇರೆ ಹೇಳಬೇಕಿಲ್ಲ. ಕೋಟ್ ಮರೆಯಬೇಡಿ. ಮರೆತರೆ ಮಧ್ಯದ ಆಂಪರ್ಸೆಂಡ್ ಕಂಡಲ್ಲಿ ಶೆಲ್ (ನಾವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಕಮಾಂಡನ್ನೇ ತುಂಡು ಮಾಡುತ್ತದೆ.

ಸರಿಯಾದ ಎಂಟ್ರಿ ಒಂದು ಸಲ ಕಳಿಸಿ, ಉಳಿದ ಸಮಯವನ್ನೆಲ್ಲ ತಪ್ಪು ಎಂಟ್ರಿಗಳಿಗೆ ಕೊಡಿ. ನಾನು ಲೀಟರನ್ನೇ ಬಿಟ್ಟು ಕಳಿಸಿದೆ, 400 ಬಂತು, ಅಂದರೆ ರಿಕ್ವೆಸ್ಟೇ ಸರಿಯಿಲ್ಲ. ಸರಿ, ಫ್ಲಾಸ್ಕೇ ನೋಡಿಕೊಂಡಿತು. ಲೀಟರ್ ಈಕ್ವಲ್ ಅಂತ ಬರೆದು ಮುಂದೆ ಖಾಲಿ ಬಿಟ್ಟೆ, 500 ಬಂತು. ಅಂದರೆ ನನ್ನ ಕೋಡ್ ಒಳಗೇ ಬಿದ್ದುಹೋಯಿತು. ಖಾಲಿ ಪದವನ್ನು ಪೈಥಾನ್ ಸಂಖ್ಯೆ ಮಾಡಲಾರದು. ಇದನ್ನು ನಾನೇ ಹಿಡಿಯಬೇಕಿತ್ತು.

ಆಮೇಲೆ ಲೀಟರಿನ ಜಾಗದಲ್ಲಿ ಎನ್, ಎ, ಎನ್ ಮೂರು ಅಕ್ಷರ ಕಳಿಸಿದೆ. ಪದವನ್ನು ದಶಮಾಂಶ ಸಂಖ್ಯೆ ಮಾಡುವ ಪೈಥಾನಿನ ಫ್ಲೋಟ್ ಇದನ್ನು ಒಪ್ಪುತ್ತದೆ, ಸಂಖ್ಯೆಯಲ್ಲದ ಸಂಖ್ಯೆ ಅಂತ. ನನ್ನ ತಪಾಸಣೆ ಹೀಗಿತ್ತು: ಸೊನ್ನೆಗಿಂತ ಕಡಿಮೆ ಇದ್ದರೆ ತಿರಸ್ಕರಿಸು, 100ಕ್ಕಿಂತ ಜಾಸ್ತಿ ಇದ್ದರೆ ತಿರಸ್ಕರಿಸು. ಈ ನಾನ್ ಅನ್ನುವುದು ಯಾವುದಕ್ಕಿಂತಲೂ ಕಡಿಮೆಯೂ ಅಲ್ಲ, ಜಾಸ್ತಿಯೂ ಅಲ್ಲ. ಎರಡೂ ಬಾಗಿಲು ದಾಟಿ ಒಳಗೆ ಬಂತು. ಎಸ್‌ಕ್ಯೂಲೈಟ್ ಅದನ್ನು ಖಾಲಿ ಮಾಡಿ ಇಟ್ಟುಕೊಂಡಿತು. ಎಂಟ್ರಿ ಇದೆ, ಹಾಲಿಲ್ಲ! ಪ್ರಶ್ನೆಯನ್ನು ತಿರುಗಿಸಿದ ಮೇಲೆ ಸರಿಹೋಯಿತು: ಸೊನ್ನೆಗಿಂತ ಜಾಸ್ತಿ ಮತ್ತು 100ರ ಒಳಗೆ ಇದ್ದರೆ ಮಾತ್ರ ತಗೋ, ಇಲ್ಲದಿದ್ದರೆ ಬೇಡ.

ಕನ್ನಡ ಅಂಕಿ ಕಳಿಸಲು ಮರೆಯಬೇಡಿ. ನಮ್ಮ ಸೆಕ್ರೆಟರಿಯ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದೆ, ಅವರು ೪.೨ ಅಂತಲೇ ಬರೆಯುತ್ತಾರೆ. ಅದಕ್ಕಾಗಿ ಆ ಜಾಗವನ್ನು ಪಠ್ಯದ ಜಾಗವಾಗಿ ಇಟ್ಟಿದ್ದೆ. ಆದರೂ ಪುಟದಲ್ಲಿ ಮೊತ್ತ ಬರುತ್ತಿರಲಿಲ್ಲ. ಕರ್ಲ್‌ನಿಂದ ೪.೨ ಕಳಿಸಿದೆ. ಸರ್ವರಿನಲ್ಲಿ 4.2 ಅಂತ ಸರಿಯಾಗಿ ಸೇರಿತು, ಪೈಥಾನಿಗೆ ಕನ್ನಡ ಅಂಕಿ ಗೊತ್ತು. ಬ್ರೌಸರಿನೊಳಗೆ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟಿಗೆ ಗೊತ್ತಿಲ್ಲ. ತಪ್ಪು ಯಾವ ಕಡೆ ಇದೆ ಅಂತ ಎರಡೇ ನಿಮಿಷದಲ್ಲಿ ತಿಳಿಯಿತು.

ಕನ್ನಡ ಹೆಸರು ಹುಡುಕುವುದನ್ನೂ ನೋಡಿ. ಗೌರಮ್ಮ ಅಂದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಆರು ಸಂಕೇತ, ಅವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 18 ಬೈಟು. ವಿಳಾಸದಲ್ಲಿ ಪರ್ಸೆಂಟ್ ಗುರುತಿನ ಜೊತೆ ಹೋಗುವಾಗ 54 ಅಕ್ಷರ. ಇದನ್ನು ಕೈಯಲ್ಲಿ ಬರೆಯಬೇಡಿ. ಹೈಫನ್ ಮತ್ತು ದೊಡ್ಡ ಜಿ, ಆಮೇಲೆ ಎರಡು ಹೈಫನ್ ಹಾಕಿ ಡೇಟಾ, ಮತ್ತೆ ಹೈಫನ್, ಯುಆರ್‌ಎಲ್‌ಎನ್‌ಕೋಡ್ ಅಂತ ಕೊಟ್ಟರೆ ಕರ್ಲ್ ತಾನೇ ಮಾಡುತ್ತದೆ. ಹೈಫನ್ ವಿ ಸೇರಿಸಿದರೆ ನಿಜವಾಗಿ ಏನು ಹೋಯಿತು ಅಂತಲೂ ಕಾಣುತ್ತದೆ.

ಕೊನೆಗೆ ಒಂದೇ ಎಂಟ್ರಿಯನ್ನು ಎರಡು ಸಲ ಕಳಿಸಿ. ನೆಟ್‌ವರ್ಕ್ ನಿಧಾನ ಇದ್ದಾಗ ಸೇವ್ ಬಟನ್ ಎರಡು ಸಲ ಒತ್ತುತ್ತಾರೆ, ಅಲ್ವಾ? ನನ್ನ ಆ್ಯಪ್ ಎರಡೂ ಸೇರಿಸಿಕೊಂಡಿತು. ಒಬ್ಬ ಸದಸ್ಯರಿಗೆ ಒಂದು ಹೊತ್ತಿಗೆ ಒಂದೇ ಎಂಟ್ರಿ ಅಂತ ಕಟ್ಟುಹಾಕುವ ಹಾಗಿಲ್ಲ. ಹಸುವಿನ ಹಾಲು, ಎಮ್ಮೆ ಹಾಲು ಎರಡೂ ತರುವ ಮನೆಗಳಿವೆ. ಅದಕ್ಕೆ ಪ್ರತಿ ಫಾರಮಿಗೂ ಒಂದು ಗುಟ್ಟಿನ ನಂಬರು ಇಟ್ಟೆ. ಅದೇ ನಂಬರು ಮತ್ತೆ ಬಂದರೆ ಸರ್ವರ್ 409 ಅನ್ನುತ್ತದೆ, ಇದು ಮೊದಲೇ ಇರುವುದಕ್ಕೆ ತಾಕುತ್ತದೆ ಅಂತ.

ಹೀಗೆ ಸಿಕ್ಕ ಒಂದೊಂದು ತಪ್ಪನ್ನೂ, ಪರೀಕ್ಷೆಗಳನ್ನು ತಾನೇ ಓಡಿಸುವ ಪೈಟೆಸ್ಟ್‌ನಲ್ಲಿ ಒಂದು ಟೆಸ್ಟ್ ಮಾಡಿ ಇಡುತ್ತೇನೆ. ಫ್ಲಾಸ್ಕ್‌ನಲ್ಲಿ ಟೆಸ್ಟ್ ಕ್ಲೈಂಟ್ ಅಂತ ಇದೆ. ಅದಕ್ಕೆ ಸರ್ವರ್ ಓಡುತ್ತಿರಲೇಬೇಕು ಅಂತಿಲ್ಲ, ಪೋರ್ಟೂ ಬೇಡ, ಆ್ಯಪನ್ನು ನೇರ ಕರೆಯುತ್ತದೆ. ಕೋಡ್ ಮುಟ್ಟಿದಾಗಲೆಲ್ಲ ಎಲ್ಲವನ್ನೂ ಒಟ್ಟಿಗೆ ಓಡಿಸುತ್ತೇನೆ.

ಸೆಕ್ರೆಟರಿಯ ಫೋನಿನಿಂದಲೇ ನೋಡಬೇಕಾದಾಗ 127.0.0.1 ನಡೆಯುವುದಿಲ್ಲ. ಫೋನಿನಲ್ಲಿ ಆ ವಿಳಾಸ ಅಂದರೆ ಫೋನೇ. ಎರಡನ್ನೂ ಒಂದೇ ವೈಫೈಗೆ ಹಾಕಿ, ಸರ್ವರನ್ನು 0.0.0.0 ಹೋಸ್ಟ್ (ಹೊರಗಿನ ಯಂತ್ರಗಳಿಗೂ ಉತ್ತರ ಕೊಡು ಅಂತ) ಕೊಟ್ಟು ಓಡಿಸಿ, ಫೋನಿನಲ್ಲಿ ಲ್ಯಾಪ್‌ಟಾಪಿನ ವೈಫೈ ವಿಳಾಸ ಹೊಡೆಯಿರಿ. ಆಗ ತಪ್ಪು ಹುಡುಕಲು ಕೋಡಿನ ಒಳಗನ್ನು ತೋರಿಸುವ ಡೀಬಗ್ ಮೋಡ್ ಆಫ್ ಇರಲೇಬೇಕು, ಯಾಕೆಂದರೆ ಆ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಸರ್ವರನ್ನು ತಟ್ಟಬಹುದು. ನೋಡಿ ಮುಗಿದ ಕೂಡಲೇ ಕಂಟ್ರೋಲ್ ಜೊತೆ ಸಿ ಒತ್ತಿ ನಿಲ್ಲಿಸಿ.