ಬೆಂಗಳೂರಿನಲ್ಲಿ ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮುಂಚೆ ಕರಾರಿನಲ್ಲಿ ಏನೇನು ಬರೆಸಬೇಕು

ವಿಜಯನಗರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ನಾನು ಟೈಪ್ ಮಾಡುವ ಕಾಗದಗಳಲ್ಲಿ ಮುಕ್ಕಾಲು ಪಾಲು ಬಾಡಿಗೆ ಕರಾರುಗಳೇ. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್ ಮೇನಲ್ಲಿ, ಕೂತಲ್ಲಿಂದ ಏಳಲು ಪುರುಸೊತ್ತಿರುವುದಿಲ್ಲ. ಮಾಲೀಕರು ಹಳೇ ಕರಾರು ತಂದು "ಹೆಸರು, ತಾರೀಖು ಬದಲಾಯಿಸಿ ಕೊಡಮ್ಮ, ಸಾಕು" ಅನ್ನುತ್ತಾರೆ. ಬಾಡಿಗೆಗೆ ಬರುವವರು ಓದದೇ ಸಹಿ ಹಾಕುತ್ತಾರೆ. ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ಬರಲಿಲ್ಲವೆಂದು ಅದೇ ಕಾಗದ ಹಿಡಿದುಕೊಂಡು ನನ್ನ ಅಂಗಡಿಗೇ ಬರುತ್ತಾರೆ. ಆ ಹೊತ್ತಿಗೆ ನಾನು ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಅದಕ್ಕೇ ಸಹಿ ಹಾಕುವ ಮುಂಚೆ ನೋಡಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಡಿಗೆ ಕಾಯ್ದೆ ತಮ್ಮನ್ನು ಕಾಯುತ್ತದೆ ಎಂದು ಬಹಳ ಜನ ನಂಬಿಕೊಂಡಿದ್ದಾರೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇರುವುದು ನಿಜ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಇಲ್ಲಿ ಒಂದು ರೂಮು ಸಿಕ್ಕರೆ ಪುಣ್ಯ. ಉಳಿದವರೆಲ್ಲ ಬರುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಕೆಳಗೆ. ಅದರ ಬಾಡಿಗೆ ನಿಯಮಗಳಲ್ಲಿ ಹೆಚ್ಚಿನವು "ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ" ಎಂಬ ಷರತ್ತಿನ ಮೇಲೆಯೇ ನಿಂತಿವೆ. ಅಂದರೆ ನೀವು ಸಹಿ ಹಾಕಿದ ಕಾಗದದಲ್ಲಿ ಏನಿದೆಯೋ ಮೊದಲು ಅದನ್ನೇ ನೋಡುತ್ತಾರೆ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯದು. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಮಾಲೀಕರ ಮುಂದೆ ಅದನ್ನು ಹಿಡಿದು ಪ್ರಯೋಜನವಿಲ್ಲ.

ಟೋಕನ್ ದುಡ್ಡು ಕೊಡುವ ಮುಂಚೆ ಮನೆ ಯಾರ ಹೆಸರಿನಲ್ಲಿದೆ ನೋಡಿ. ಆಸ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್ ಎರಡನ್ನೂ ಕೇಳಿ. ಹೆಸರು ಮಾಲೀಕರದ್ದಲ್ಲದಿದ್ದರೆ ಸಂಬಂಧ ಏನು, ಅಧಿಕಾರ ಪತ್ರ ಇದೆಯೇ ಎಂದು ವಿಚಾರಿಸಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ, ಅವರೂ ನಿಮ್ಮ ಆಧಾರ್ ಕೇಳುತ್ತಾರಲ್ಲ.

ಇನ್ನು ಅಡ್ವಾನ್ಸ್. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದೇ ರೂಢಿಯಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರು ಬೇಕಾದಷ್ಟಿದ್ದಾರೆ, ಆದ್ದರಿಂದ ಚೌಕಾಸಿ ಮಾಡಿ. ಎಷ್ಟೇ ಆಗಲಿ ಬ್ಯಾಂಕ್ ಮೂಲಕವೇ ಕೊಡಿ. ನಗದಾಗಿ ಕೊಡಲೇಬೇಕಾಗಿ ಬಂದರೆ ಅಷ್ಟೂ ಮೊತ್ತ ಕರಾರಿನಲ್ಲಿ ಅಂಕಿ, ಅಕ್ಷರ ಎರಡರಲ್ಲೂ ಬರಬೇಕು. ಹಳೇ ಕರಾರುಗಳಲ್ಲಿ "ಮನೆ ಖಾಲಿ ಮಾಡಿದಾಗ ಮುಂಗಡ ಹಣವನ್ನು ಹಿಂತಿರುಗಿಸಲಾಗುವುದು" ಎಂಬ ಒಂದೇ ಸಾಲು ಇರುತ್ತದೆ. ಅದು ಸಾಲದು. ಯಾವಾಗ, ಏನು ಕಳೆದು ಎಂಬುದು ಇರಲೇಬೇಕು. ಕೇಳಿದವರಿಗೆ ನಾನು ಹಾಕಿಕೊಡುವ ಸಾಲು ಇದು:

"ಬಾಡಿಗೆದಾರರು ಮನೆ ಖಾಲಿ ಮಾಡಿ ಕೀಲಿಕೈ ಒಪ್ಪಿಸಿದ ದಿನವೇ ಮಾಲೀಕರು ಮುಂಗಡ ಹಣವನ್ನು ಬಾಡಿಗೆದಾರರ ಬ್ಯಾಂಕ್ ಖಾತೆಗೆ ಹಿಂತಿರುಗಿಸತಕ್ಕದ್ದು. ಬಾಕಿ ಬಾಡಿಗೆ, ವಿದ್ಯುತ್ ಮತ್ತು ನೀರಿನ ಬಾಕಿ, ಹಾಗೂ ರಸೀದಿ ಸಹಿತ ತೋರಿಸಿದ ಹಾನಿಯ ದುರಸ್ತಿ ವೆಚ್ಚ, ಇವುಗಳನ್ನು ಬಿಟ್ಟು ಬೇರಾವ ಕಡಿತವನ್ನೂ ಮಾಡತಕ್ಕದ್ದಲ್ಲ. ತಡವಾದಲ್ಲಿ ವಾರ್ಷಿಕ ಶೇ. 12ರಂತೆ ಬಡ್ಡಿ ಸೇರಿಸಿ ಕೊಡತಕ್ಕದ್ದು."

"ಹೊಸಬರು ಬಂದಮೇಲೆ ಅವರ ಅಡ್ವಾನ್ಸಲ್ಲಿ ನಿಮ್ಮದು ಕೊಡ್ತೀನಿ" ಎನ್ನುವ ಮಾಲೀಕರಿಗೆ ಈ ಮೊದಲ ವಾಕ್ಯವೇ ಉತ್ತರ. ಬಡ್ಡಿಯ ಸಾಲಿಗೆ ಕೆಲವರು ಮುಖ ಸಿಂಡರಿಸುತ್ತಾರೆ. ಅದನ್ನು ಬೇಕಾದರೆ ಬಿಟ್ಟುಕೊಡಿ, ಮೊದಲೆರಡು ವಾಕ್ಯಗಳನ್ನು ಮಾತ್ರ ಬಿಡಬೇಡಿ.

ಸುಣ್ಣ ಬಣ್ಣದ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಜಗಳ ಹೆಚ್ಚಾಗಿ ಅಲ್ಲೇ. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿಯುವ ಪದ್ಧತಿ ಇಲ್ಲಿದೆ. ಕಾನೂನು ಕೇಳುವುದು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕೆಂದು. ದಿನಬಳಕೆಯ ಸವೆತಕ್ಕೆ ಅದರಲ್ಲಿ ವಿನಾಯಿತಿ ಇದೆ. ಆದರೆ "ಸುಣ್ಣ ಬಣ್ಣದ ಖರ್ಚು ಬಾಡಿಗೆದಾರರದ್ದು" ಎಂದು ಕರಾರಿನಲ್ಲಿದ್ದರೆ ನೀವೇ ಒಪ್ಪಿದಂತಾಯಿತು. ನಮ್ಮ ಬೀದಿಯಲ್ಲೇ ಇದ್ದ ನರ್ಸ್ ಒಬ್ಬರಿಗೆ ಈ ಒಂದು ಸಾಲಿನಿಂದ ಸಣ್ಣ ಒಂದು ಬೆಡ್‌ರೂಮ್ ಮನೆಗೆ 38,000 ರೂಪಾಯಿ ಕತ್ತರಿಸಿಬಿಟ್ಟರು. ಎಷ್ಟು ಎಂದು ಕಾಗದದಲ್ಲಿ ಇರಲಿಲ್ಲ, ಬಿಲ್ಲೂ ತೋರಿಸಲಿಲ್ಲ. ಆಕೆಯ ಹಣ ಹಾಗೆ ಹೋದದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬಣ್ಣದ ಖರ್ಚು ಕೊಡುವುದೇ ಆದರೆ ಗರಿಷ್ಠ ಮೊತ್ತ ಬರೆಸಿ.

ಮನೆಗೆ ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಬಚ್ಚಲಿನ ನಲ್ಲಿ, ಅಡುಗೆಮನೆ ಸಿಂಕಿನ ಕೆಳಗಿನ ತೇವ, ಕಿಟಕಿ ಗಾಜು, ಸೀಲಿಂಗಿನ ಮೂಲೆ, ಗೀಸರ್, ಸ್ವಿಚ್‌ಬೋರ್ಡು, ಕರೆಂಟ್ ಮೀಟರಿನ ರೀಡಿಂಗ್ ಎಲ್ಲ ಇರಲಿ. ಅವತ್ತೇ ಮಾಲೀಕರಿಗೆ ವಾಟ್ಸಾಪ್ ಮಾಡಿ. ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂಬ ಪಟ್ಟಿಯನ್ನು ಕರಾರಿನ ಕೊನೇ ಪುಟಕ್ಕೆ ಸೇರಿಸಿ.

ದುರಸ್ತಿಯ ಬಗ್ಗೆ ಬಹಳ ಜನಕ್ಕೆ ತಿಳಿಯದ ಒಂದು ಮಾತು. ಮಾಲೀಕರು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಲು 1882ರ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಯಾವ ದುರಸ್ತಿ ಅವರದ್ದು ಎಂದು ಕರಾರಿನಲ್ಲಿ ಇರಬೇಕು. ಸೋರುವ ಛಾವಣಿ, ಒಳಗಿನ ವೈರಿಂಗ್, ಪೈಪ್‌ಲೈನ್, ಮೋಟರ್ ಮಾಲೀಕರ ಪಾಲಿಗೆ ಎಂದು ಬರೆಸಿ. ನೀರನ್ನೂ ಮರೆಯಬೇಡಿ. ಕಾವೇರಿ ಬರುತ್ತದೋ ಬೋರ್‌ವೆಲ್ ಮಾತ್ರವೋ, ಟ್ಯಾಂಕರ್ ತರಿಸಿದರೆ ಖರ್ಚು ಯಾರದ್ದು? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಎಷ್ಟೋ ಮನೆಗಳಲ್ಲಿ ಇದೇ ಜಗಳ.

ಕರೆಂಟಿಗೆ ನಿಮ್ಮ ಮನೆಗೇ ಪ್ರತ್ಯೇಕ ಬೆಸ್ಕಾಂ ಮೀಟರ್ ಇದೆಯೇ ನೋಡಿ, ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆಯನ್ನು (ಕರೆಂಟ್ ಸಂಪರ್ಕದ ಸಂಖ್ಯೆ) ಕರಾರಿನಲ್ಲಿ ಹಾಕಿಸಿ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಹಿಂದೆ ಇದ್ದವರ ಆಧಾರ್ ಜೋಡಣೆ ಹಾಗೇ ಉಳಿದಿದ್ದರೆ ಮೊದಲು ಅದನ್ನು ತೆಗೆಸಬೇಕು.

ಹನ್ನೊಂದು ತಿಂಗಳ ಕರಾರು ಯಾಕೆ ಎಂದು ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಆ ಖರ್ಚು ಉಳಿಸಲು. ಹನ್ನೊಂದು ತಿಂಗಳದ್ದಕ್ಕೂ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿ. ಕಡಿಮೆ ಕಟ್ಟಿದ ಕಾಗದವನ್ನು ನ್ಯಾಯಾಲಯ ಸಾಕ್ಷಿಯಾಗಿ ತೆಗೆದುಕೊಳ್ಳಬೇಕಾದರೆ ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ.

ಖಾಲಿ ಮಾಡಿಸಲು ಎಷ್ಟು ದಿನದ ನೋಟಿಸ್ ಎಂಬುದನ್ನು ಇಬ್ಬರಿಗೂ ಒಂದೇ ಆಗಿ ಬರೆಸಿ, ಎರಡು ತಿಂಗಳು ನ್ಯಾಯ. ಕರಾರು ಸುಮ್ಮನಿದ್ದರೆ ತಿಂಗಳ ಬಾಡಿಗೆಗೆ ಕಾನೂನಿನ ನೋಟಿಸ್ ಬರೀ 15 ದಿನ. ನೋಟಿಸ್ ಅವಧಿ ಮುಗಿದರೂ ಮಾಲೀಕರು ತಾವೇ ಬೀಗ ಹಾಕುವ, ಸಾಮಾನು ಹೊರಗಿಡುವ, ನೀರು ಕರೆಂಟು ನಿಲ್ಲಿಸುವ ಹಾಗಿಲ್ಲ. ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಬೀಗ ಹಾಕಿದ ದಿನವೇ 112ಕ್ಕೆ ಕರೆ ಮಾಡಿ, ಫೋಟೋ ತೆಗೆದಿಡಿ.

ಭೋಗ್ಯಕ್ಕೆ ಹೋಗುವವರಿಗೆ ನನ್ನ ಎಚ್ಚರಿಕೆ ಇನ್ನೂ ಗಟ್ಟಿ. ಹದಿನೈದು ಇಪ್ಪತ್ತು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದೆಂದು ಊರಿನ ಜಮೀನು ಮಾರಿದ ದುಡ್ಡು ತಂದು ಸುರಿಯುತ್ತಾರೆ. ಮನೆ ಆಗಲೇ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಹಕ್ಕು ಮುಂದೆ, ನಿಮ್ಮದು ಹಿಂದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ನೋಡಿ, ಆದರೆ ಎಲ್ಲ ಸಾಲವೂ ಅದರಲ್ಲಿ ಕಾಣುತ್ತದೆಂದು ನಂಬಬೇಡಿ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಪತ್ರವನ್ನು ನೋಂದಾಯಿಸಿ. ಮಧ್ಯವರ್ತಿಯ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಮಾಲೀಕರ ಖಾತೆಗೇ ಹೋಗಲಿ.

ಅಡ್ವಾನ್ಸ್ ಕೊಡಲಿಲ್ಲವೆಂದರೆ ಮೊದಲು ವಕೀಲರಿಂದ ನೋಟಿಸ್ ಕಳಿಸಿ. ಸಿವಿಲ್ ದಾವೆಗೆ ಮೂರು ವರ್ಷ ಕಾಲಾವಕಾಶ ಇದೆ. ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೂ ಪ್ರಯತ್ನಿಸಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕಾನೂನು ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಹೋಗುವಾಗ ಕರಾರಿನ ಮೂಲ ಪ್ರತಿ, ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಕೀಲಿಕೈ ಕೊಟ್ಟ ದಿನದ ವಾಟ್ಸಾಪ್ ಸಂದೇಶದ ಪ್ರಿಂಟ್, ಇವಿಷ್ಟನ್ನೂ ಎರಡೆರಡು ಪ್ರತಿ ತೆಗೆಸಿಕೊಂಡು ಹೋಗಿ.